ಚಾಕುವಿಗೆ ಹೆಸರಿಟ್ಟದ್ದು: ನನ್ನ ಅನುಭವ

ಸಾಣೆ ಹಿಡಿದು ಮುಗಿಸಿ, ಮರದ ಹಿಡಿಗೆ ಕೊನೆಯ ಸಲ ಅಗಸೆ ಎಣ್ಣೆ ಉಜ್ಜಿ, ಚರ್ಮದ ಒರೆಯನ್ನೂ ಹೊಲಿದಿಟ್ಟ ಮೇಲೆ ಆ ಚಾಕು ಹನ್ನೊಂದು ದಿನ ಹೆಸರಿಲ್ಲದೆ ಉಳಿದಿತ್ತು. ಅದನ್ನು ಮಾಡಿಸಿಕೊಂಡವರು ಹದಿಹರೆಯದ ಮಕ್ಕಳನ್ನು ಕಾಡಿನ ಶಿಬಿರಗಳಿಗೆ ಕರೆದೊಯ್ದು, ಬೆಂಕಿ ಹೊತ್ತಿಸುವುದನ್ನೂ ಮರ ಕೆತ್ತುವುದನ್ನೂ ಕಲಿಸುವ ಹಿರಿಯರು. ಅಲಗಿನ ಉದ್ದ, ಹಿಡಿಯ ದಪ್ಪ, ಒರೆಯನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಬಗೆ ಇವೆಲ್ಲವನ್ನೂ ಅವರು ವಿವರವಾಗಿ ಬರೆದು ಕಳುಹಿಸಿದ್ದರು. ಕಾಗದದ ಕೊನೆಯಲ್ಲಿ ಒಂದೇ ಸಾಲಿತ್ತು: “ಇದಕ್ಕೊಂದು ಹೆಸರಿರಲಿ, ಹೆಸರನ್ನು ನೀವೇ ಇಡಿ, ಆದರೆ ಕೆತ್ತುವ ಮೊದಲು ನನಗೆ ಹೇಳಿ.” ಉಳಿದ ಮೂರು ಪುಟಗಳಿಗಿಂತ ಆ ಒಂದು ಸಾಲು ನನ್ನನ್ನು ಹೆಚ್ಚು ದಿನ ಕಾಡಿತು.

ಚಾಕು ಎಂಥದ್ದೆಂದು ಮೊದಲು ಹೇಳಬೇಕು, ಏಕೆಂದರೆ ಹೆಸರು ಹೊರಟದ್ದು ಅಲ್ಲಿಂದಲೇ. ಅಲಗು ಹತ್ತೂವರೆ ಸೆಂಟಿಮೀಟರ್ ಉದ್ದ, ಬೆನ್ನಿನ ಬಳಿ 4 ಮಿಲಿಮೀಟರ್ ದಪ್ಪ. ಉಕ್ಕು ಹಿಡಿಯ ಕೊನೆಯವರೆಗೂ ಅಖಂಡವಾಗಿ ಸಾಗುತ್ತದೆ. ಬೆಂಕಿ ಹೊತ್ತಿಸಲು ಬಳಸುವ ಲೋಹದ ಕಡ್ಡಿಯಾದ ಫೆರೋ ರಾಡನ್ನು ಗೀರಿದರೆ ಕಿಡಿ ಹಾರಬೇಕೆಂದು ಬೆನ್ನಿನ ಅಂಚನ್ನು ದುಂಡಗೆ ಮಾಡದೆ ಲಂಬಕೋನದಲ್ಲೇ ಬಿಟ್ಟಿದ್ದೇನೆ. ಬಾಯಿಗೆ ಸ್ಕ್ಯಾಂಡಿ ಗ್ರೈಂಡ್ ಕೊಟ್ಟಿದ್ದೇನೆ, ಅಂದರೆ ಅಗಲವಾದ ಒಂದೇ ಇಳಿಜಾರು ನೇರವಾಗಿ ಹರಿತದವರೆಗೆ ಇಳಿಯುತ್ತದೆ. ಮರದ ಮೇಲೆ ಆ ಇಳಿಜಾರನ್ನೇ ಆನಿಸಿ ಕೈ ನಡೆಸಬಹುದು. ಮೊನೆಯತ್ತ ಸಾಗುವಾಗ ಬಾಯಿ ಮೆಲ್ಲನೆ ಬಾಗಿ ಮೇಲೇರುತ್ತದೆ. ಉಕ್ಕು 1095. ಈ ಸಂಖ್ಯೆಯೂ ಒಂದು ಹೆಸರೇ: ಮೊದಲಿನ 10 ಎಂಬುದು ಬೇರೆ ಲೋಹಗಳನ್ನು ಬೆರೆಸದ ಸಾದಾ ಇಂಗಾಲದ ಉಕ್ಕು ಎಂಬುದನ್ನು, ನಂತರದ 95 ಎಂಬುದು ಅದರಲ್ಲಿ ಇಂಗಾಲ ಸುಮಾರು ಶೇಕಡಾ 0.95ರಷ್ಟಿದೆ ಎಂಬುದನ್ನು ತಿಳಿಸುತ್ತದೆ. ವಸ್ತುವಿನಲ್ಲಿ ಏನಿದೆಯೋ ಅದನ್ನು ಮಾತ್ರ ಹೇಳುವ ಇಂಥ ಹೆಸರುಗಳ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿದೆ.

ಆದರೂ ನಾನು ಮೊದಲು ಬರೆದುಕೊಂಡ ಪಟ್ಟಿಯಲ್ಲಿ ಆ ಗೌರವದ ಗುರುತು ಇರಲಿಲ್ಲ. ಸಿಡಿಲು, ರಣಹದ್ದು, ಕಾಳಿಂಗ, ಕೋರೆ, ಹೀಗೆ ಹದಿನೈದಕ್ಕೂ ಹೆಚ್ಚು ಪದಗಳು ಒಂದೇ ಸಂಜೆ ಬಂದವು. ಚಾಕು ಎಂದೊಡನೆ ಮನಸ್ಸು ಆಯುಧದತ್ತ ಓಡುತ್ತದೆ; ನನ್ನದೂ ಓಡಿತು. ಮರುದಿನ ಬೆಳಿಗ್ಗೆ ಆ ಪಟ್ಟಿಯನ್ನು ಚಾಕುವಿನ ಪಕ್ಕದಲ್ಲಿಟ್ಟು ನೋಡಿದಾಗ ಒಂದೂ ಅದಕ್ಕೆ ಒಪ್ಪುವಂತಿರಲಿಲ್ಲ. ಕಡ್ಡಿ ಸೀಳುವ, ಗೂಟಕ್ಕೆ ಕಚ್ಚು ಹಾಕುವ, ಹಗ್ಗ ಕತ್ತರಿಸುವ ಉಪಕರಣವನ್ನು ರಣಹದ್ದು ಎಂದು ಕರೆದರೆ ಆ ಹೆಸರು ಸುಳ್ಳಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹನ್ನೆರಡು ವರ್ಷದ ಮಗುವಿನ ಕೈಗೆ ಮೊತ್ತಮೊದಲ ಬಾರಿ ಚಾಕು ಕೊಡುವ ಗುರುಗಳು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೋ ಆ ಹೆಸರಿನಿಂದಲೇ ಮಗುವಿಗೆ ಆ ವಸ್ತು ಯಾವುದಕ್ಕಾಗಿ ಇದೆ ಎಂಬ ಮೊದಲ ತಿಳಿವಳಿಕೆ ಸಿಗುತ್ತದೆ. ಭಯಂಕರವಾದ ಹೆಸರನ್ನು ಇಟ್ಟು, ಬಳಿಕ ಜೋಪಾನವಾಗಿ ಬಳಸಬೇಕೆಂದು ಬೋಧಿಸುವುದು ಸರಿಯಲ್ಲವೆಂದು ನಿರ್ಧರಿಸಿ ಪಟ್ಟಿಯನ್ನು ಪೂರ್ತಿಯಾಗಿ ಹೊಡೆದುಹಾಕಿದೆ.

ಹೆಸರಾದ ಚಾಕುಗಳಿಗೆ ಹೆಸರು ಬಂದದ್ದು ಹೇಗೆಂದು ಆಮೇಲೆ ಯೋಚಿಸತೊಡಗಿದೆ. ಕೆಲವಕ್ಕೆ ಮನುಷ್ಯರ ಹೆಸರು ಅಂಟಿಕೊಂಡಿದೆ: 1827ರಲ್ಲಿ ಮಿಸಿಸಿಪ್ಪಿ ನದಿಯ ಮರಳದಂಡೆಯೊಂದರಲ್ಲಿ ನಡೆದ ಹೊಡೆದಾಟದ ನಂತರ ಜೇಮ್ಸ್ ಬೋವಿಯ ಹೆಸರು ದೊಡ್ಡ ಅಲಗಿನ ಚಾಕುವಿಗೆ ನಿಂತುಬಿಟ್ಟಿತು, ಕಾಡಿನ ಬದುಕಿನ ಬಗ್ಗೆ ಬರೆದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಅವರ ಕಾವ್ಯನಾಮ ನೆಸ್ಮುಕ್ ಎಂಬುದೇ ಬೆನ್ನು ಉಬ್ಬಿದ ಒಂದು ಬಗೆಯ ಅಲಗಿನ ಹೆಸರಾಯಿತು. ಕೆಲವಕ್ಕೆ ಊರಿನ ಹೆಸರು: ಸ್ವೀಡನ್ನಿನ ಮೋರಾ, ಫ್ರಾನ್ಸಿನ ಲಾಗಿಯೋಲ್. ಊರಿನ ಹೆಸರಿಗೆ ಒಂದು ತೊಡಕಿದೆ. ಲಾಗಿಯೋಲ್ ಎಂದು ಕರೆಸಿಕೊಳ್ಳುವ ಚಾಕುಗಳನ್ನು ಆ ಊರಿನಾಚೆ ಎಲ್ಲೆಲ್ಲೋ ತಯಾರಿಸುತ್ತಾರೆ, ಆದ್ದರಿಂದ ಆ ಪದದಿಂದ ಈಗ ಆಕಾರ ತಿಳಿಯುತ್ತದೆಯೇ ಹೊರತು ನೆಲೆ ತಿಳಿಯುವುದಿಲ್ಲ. ಒಪಿನೆಲ್ ಮಡಚುಚಾಕುಗಳಿಗೆ ಮನೆತನದ ಹೆಸರಿನ ಜೊತೆ ಗಾತ್ರವನ್ನು ಸೂಚಿಸುವ ಸಂಖ್ಯೆ ಮಾತ್ರ ಇದೆ, ಬಳಸುವವರಿಗೆ ಅಷ್ಟೇ ಸಾಕಾಗಿದೆ. ಇವುಗಳಲ್ಲಿ ಯಾವುದೂ ನನಗೆ ನೇರವಾಗಿ ಒದಗಲಿಲ್ಲ, ಆದರೆ ಒಂದು ವಿಷಯ ಸ್ಪಷ್ಟವಾಯಿತು. ಬಾಳಿದ ಹೆಸರುಗಳು ಬಹುಮಟ್ಟಿಗೆ ಬಳಕೆಯಿಂದ ಬಂದವು. ಚಾಕು ಜನರ ಕೈ ಸೇರಿದ ಮೇಲೆ ಹೆಸರು ನಿಂತಿತು.

ಹಾಗಾದರೆ ಹೆಸರಿಗಿಂತ ಮೊದಲು ಬಳಕೆಯಾಗಲಿ ಎಂದು ತೀರ್ಮಾನಿಸಿದೆ. ಇದು ಸಾಧ್ಯವಾದದ್ದು ನಾನು ಅಕ್ಷರಗಳನ್ನು ಅಚ್ಚಿನಿಂದ ಒತ್ತುವುದಿಲ್ಲವಾದ್ದರಿಂದ. ಅಚ್ಚು ಒತ್ತುವವರು ಉಕ್ಕು ಮೆದುವಾಗಿರುವಾಗಲೇ, ಅಂದರೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವ ಮೊದಲೇ, ಸುತ್ತಿಗೆಯಿಂದ ಹೊಡೆದಿರಬೇಕು. ಚಾಕು ರೂಪುಗೊಳ್ಳುವ ಮುನ್ನವೇ ಹೆಸರು ಗೊತ್ತಿರಬೇಕು. ವಿದ್ಯುತ್ತಿನಿಂದ ಕೊರೆಯುವ ವಿಧಾನದಲ್ಲಿ ಆ ಆತುರವಿಲ್ಲ, ಪೂರ್ತಿ ಗಡಸಾದ ಅಲಗಿನ ಮೇಲೂ ಅಕ್ಷರ ಮೂಡುತ್ತದೆ. ಆದ್ದರಿಂದ ಹೆಸರಿಲ್ಲದ ಚಾಕುವನ್ನೇ ಅದನ್ನು ಮಾಡಿಸಿಕೊಂಡ ಹಿರಿಯರಿಗೆ ಕೊಟ್ಟು, ಒಂದು ಶಿಬಿರ ಮುಗಿಸಿಕೊಂಡು ಬನ್ನಿ ಎಂದು ಕೇಳಿಕೊಂಡೆ.

ಆರನೆಯ ದಿನ ಅವರು ಮರಳಿ ಬಂದರು. ಹೇಗಿದೆ ಎಂದು ಕೇಳಿದಾಗ ಅವರು ಹಿಡಿಯ ಬಗ್ಗೆ ಒಂದು ಸಣ್ಣ ದೂರು ಹೇಳಿದರು (ಹಿಂಬದಿಯ ಅಂಚು ಅಂಗೈಗೆ ಒತ್ತುತ್ತಿತ್ತು, ಅದನ್ನು ಅಲ್ಲೇ ಉಜ್ಜಿ ಸರಿಪಡಿಸಿದೆ). ಬಳಿಕ, ಮಳೆಗೆ ನೆಂದ ಕಟ್ಟಿಗೆಯನ್ನು ಸೀಳಿ ಒಳಗಿನ ಒಣಭಾಗದಿಂದ ಫೆದರ್ ಸ್ಟಿಕ್ (ಬೇಗ ಬೆಂಕಿ ಹಿಡಿಯಲೆಂದು ಗರಿಯಂಥ ತೆಳು ಸುರುಳಿಗಳನ್ನು ಎಬ್ಬಿಸಿದ ಕಡ್ಡಿ) ಮಾಡಿದ್ದನ್ನು ವಿವರಿಸುತ್ತ, “ಬಹಳ ಚೆನ್ನಾಗಿ ಹೆರೆಯುತ್ತದೆ” ಎಂದರು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ, “ಮಕ್ಕಳು ಕೂಡ ತೆಳ್ಳಗೆ ಹೆರೆದರು” ಎಂದರು. ಕೊಯ್ಯುವುದು, ಕಡಿಯುವುದು, ಸೀಳುವುದು, ಕೆತ್ತುವುದು, ಹೆಚ್ಚುವುದು ಎಂದು ಹರಿತದ ಕೆಲಸಗಳಿಗೆ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. ಒಂದಿರುವಲ್ಲಿ ಇನ್ನೊಂದನ್ನು ಯಾರೂ ಬಳಸುವುದಿಲ್ಲ. ಮೇಲ್ಮೈಯಿಂದ ತೆಳುವಾದ ಪದರವನ್ನು ಎಬ್ಬಿಸಿ ತೆಗೆಯುವುದಕ್ಕೆ ಹೆರೆಯುವುದು ಎಂದೇ ಹೇಳಬೇಕು. ಚಾಕುವಿಗೆ ಅತ್ಯಂತ ಚೆನ್ನಾಗಿ ಒದಗಿದ ಕೆಲಸ ಅದೇ ಆಗಿತ್ತು, ಅದನ್ನು ಹೇಳುವ ಪದ ಅದನ್ನು ಬಳಸಿದವರ ಬಾಯಿಂದಲೇ ಬಂದಿತ್ತು. ಅವರು ಹೋದ ಮೇಲೆ ಕಾಗದದ ಮೇಲೆ ‘ಹೆರೆ’ ಎಂದು ಬರೆದಿಟ್ಟೆ.

ಕೂಡಲೇ ಒಪ್ಪಿಕೊಳ್ಳಲಿಲ್ಲ. ನಿಘಂಟು ತೆರೆದು ನೋಡಿದಾಗ ನನಗೆ ಮರೆತೇಹೋಗಿದ್ದ ಇನ್ನೊಂದು ಅರ್ಥ ಸಿಕ್ಕಿತು. ಹಳಗನ್ನಡದಲ್ಲಿ ಪೆಱೆ ಎಂದರೆ ಎಳೆಯ ಚಂದ್ರ, ಚಂದ್ರನ ಕಲೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಆ ಪದವೂ ಹೆರೆಯಾಗಿದೆ. ಅಲಗನ್ನು ಬೆಳಕಿಗೆ ಹಿಡಿದು ನೋಡಿದೆ: ಸಾಣೆಯ ಇಳಿಜಾರು ಹಿಡಿಯ ಬಳಿಯಿಂದ ಹೊರಟು, ಮೊನೆಯತ್ತ ಬಾಗುತ್ತ, ಹೊಳೆಯುವ ಒಂದು ತೆಳುವಾದ ಬಿಲ್ಲಿನಂತೆ ಕಾಣುತ್ತಿತ್ತು. ಮಾಡುವ ಕೆಲಸವನ್ನೂ ಕಾಣುವ ಆಕಾರವನ್ನೂ ಒಂದೇ ಪದ ಹೇಳುತ್ತದೆ ಎಂದು ತಿಳಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಹೀಗೆ ಎರಡು ಅರ್ಥಗಳು ಕೂಡಿಬರುವಂತೆ ಹುಡುಕಿದ್ದರೆ ಅದು ನನಗೆ ಸಿಗುತ್ತಿರಲಿಲ್ಲ.

ಆಕ್ಷೇಪಗಳೂ ಇದ್ದವು. ಮನೆಯವರಿಗೆ ಹೇಳಿದಾಗ ಮೊದಲು ಅವರಿಗೆ ಕೇಳಿಸಿದ್ದು ಹೆರಿಗೆ ಎಂಬ ಪದದ ಛಾಯೆ. ಅದು ನಿಜವಾದ ತೊಡಕು, ಆದ್ದರಿಂದ ಹೆಸರನ್ನು ವಾಕ್ಯದೊಳಗೆ ಇಟ್ಟು ಪರೀಕ್ಷಿಸಿದೆ. “ಹೆರೆ ಎಲ್ಲಿದೆ?”, “ಹೆರೆಯನ್ನು ಒರೆಗೆ ಹಾಕು”, “ಹೆರೆಗೆ ಎಣ್ಣೆ ಹಚ್ಚು” ಎಂದು ಗಟ್ಟಿಯಾಗಿ ಹೇಳಿ ನೋಡಿದೆ. ಚಾಕು ಎದುರಿಗಿರುವಾಗ ಆ ಛಾಯೆ ಯಾರಿಗೂ ಬರಲಿಲ್ಲ, ವಿಭಕ್ತಿ ಪ್ರತ್ಯಯಗಳೂ ಸಲೀಸಾಗಿ ಸೇರಿದವು. ನಾನು ಹಿಂದೊಮ್ಮೆ ಇನ್ನೊಂದು ಚಾಕುವಿಗೆ ಇಟ್ಟಿದ್ದ ಉದ್ದನೆಯ ಸಮಾಸಪದ ಈ ಪರೀಕ್ಷೆಯಲ್ಲಿ ನಿಲ್ಲುತ್ತಿರಲಿಲ್ಲ; ಅದನ್ನು ಕೊಂಡವರು ಒಂದು ದಿನವೂ ಆ ಹೆಸರಿನಿಂದ ಕರೆಯದೆ ‘ಆ ಚಾಕು’ ಎಂದೇ ಹೇಳುತ್ತಿದ್ದಾರೆ.

ಇನ್ನೊಂದು ತೊಡಕು ಲಿಪಿಯದು. ಹೆರೆ ಎಂಬುದನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ ‘ಇಲ್ಲಿ’ ಎಂಬರ್ಥದ ಇಂಗ್ಲಿಷ್ ಪದದ ಕಾಗುಣಿತವೇ ಆಗಿಬಿಡುತ್ತದೆ, ಓದುವವರು ಹಾಗೆಯೇ ಓದುತ್ತಾರೆ. ಆದ್ದರಿಂದ ಅಲಗಿನ ಮೇಲೆ ಕನ್ನಡ ಲಿಪಿ ಮಾತ್ರ ಎಂದು ನಿಶ್ಚಯಿಸಿದೆ. ಬೇರೆ ತಯಾರಕರು ಇದೇ ಹೆಸರನ್ನು ನೋಂದಾಯಿಸಿದ್ದಾರೆಯೇ ಎಂದೂ ಹುಡುಕಿದೆ. ಚಾಕು ಮತ್ತು ಕೈ ಉಪಕರಣಗಳು ಟ್ರೇಡ್‌ಮಾರ್ಕಿನ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 8ನೆಯ ವರ್ಗಕ್ಕೆ ಸೇರುವುದರಿಂದ ಆ ವರ್ಗದಲ್ಲಿ ನೋಡಿದರೆ ಸಾಕು. ಒಂದೇ ಒಂದು ಚಾಕುವಿಗೆ ಇದು ಅತಿಯಾಯಿತೆಂದು ತೋರಬಹುದು, ಆದರೆ ಇನ್ನೊಬ್ಬರು ದುಡಿದು ಬೆಳೆಸಿದ ಹೆಸರನ್ನು ತಿಳಿಯದೆ ಎತ್ತಿಕೊಳ್ಳುವುದು ನನಗೆ ಇಷ್ಟವಿಲ್ಲ.

ಚಾಕು ಮಾಡಿಸಿಕೊಂಡ ಹಿರಿಯರು ಹೆಸರನ್ನು ಒಪ್ಪಿದ ಮೇಲೆ ಕೊರೆಯುವ ಕೆಲಸ ಉಳಿಯಿತು. ಕನ್ನಡದ ದುಂಡು ಅಕ್ಷರಗಳನ್ನು ಸಣ್ಣದಾಗಿ ಕೊರೆಯುವಾಗ ಒಳಗಿನ ಕುಣಿಕೆಗಳು ತುಂಬಿಹೋಗುತ್ತವೆ, ಒತ್ತಕ್ಷರಗಳಂತೂ ಬರಿಯ ಚುಕ್ಕೆಗಳಾಗುತ್ತವೆ. ಹೆರೆಯಲ್ಲಿ ಒತ್ತಿಲ್ಲದಿರುವುದು ಅನುಕೂಲವಾಯಿತು. ಅಕ್ಷರದ ಎತ್ತರವನ್ನು 6 ಮಿಲಿಮೀಟರ್ ಇರಿಸಿ, ವಿನೈಲ್ ಹಾಳೆಯಲ್ಲಿ ಕತ್ತರಿಸಿದ ಅಚ್ಚನ್ನು ಹಿಡಿಯ ಬಳಿ, ಸಾಣೆ ತಗುಲದ ಚಪ್ಪಟೆ ಭಾಗಕ್ಕೆ ಅಂಟಿಸಿದೆ. ಅಲಗಿಗೆ ಧನ ತುದಿಯನ್ನೂ ಉಪ್ಪುನೀರಿನಲ್ಲಿ ನೆನೆಸಿದ ಹತ್ತಿಗೆ ಋಣ ತುದಿಯನ್ನೂ ಸೇರಿಸಿ, ಕೆಲವು ಸೆಕೆಂಡಿಗೊಮ್ಮೆ ಎತ್ತುತ್ತ ಒತ್ತುತ್ತ ಹೋದರೆ ನೇರ ವಿದ್ಯುತ್ತು (ಡಿಸಿ) ಲೋಹವನ್ನು ಕರಗಿಸಿ ಆಳ ಕೊಡುತ್ತದೆ; ಕೊನೆಯಲ್ಲಿ ಪರ್ಯಾಯ ವಿದ್ಯುತ್ತಿಗೆ (ಎಸಿ) ಬದಲಾಯಿಸಿದರೆ ಆ ಆಳ ಕಪ್ಪಾಗುತ್ತದೆ. ಮೊದಲು ಅದೇ ಉಕ್ಕಿನ ತುಂಡೊಂದರ ಮೇಲೆ ನಾಲ್ಕು ಸಲ ಮಾಡಿ ನೋಡಿದ್ದೆ. 1095 ಬೇಗ ತುಕ್ಕು ಹಿಡಿಯುವ ಉಕ್ಕಾದ್ದರಿಂದ ಕೆಲಸ ಮುಗಿದೊಡನೆ ಅಡುಗೆಸೋಡ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚಿದೆ.

ಅದೇ ಮಾದರಿಯ ಎರಡನೆಯ ಚಾಕುವಿಗೆ ಈಗ ಬೇರೊಬ್ಬರಿಂದ ಕೋರಿಕೆ ಬಂದಿದೆ, ಅದಕ್ಕೂ ಹೆರೆ ಎಂದೇ ಕೊರೆಯಲು ಕೇಳಿದ್ದಾರೆ. ಅಲಗು 3 ಮಿಲಿಮೀಟರ್ ದಪ್ಪವಿರಬೇಕಂತೆ, ಅವರ ಕೆಲಸ ಹೆಚ್ಚಾಗಿ ಹಗ್ಗ ಮತ್ತು ಬಟ್ಟೆಯದು. ಚಾಕು ಮಾಡಿಕೊಡುತ್ತೇನೆ, ಆದರೆ ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು ಕಳುಹಿಸುತ್ತೇನೆ, ಒಂದು ತಿಂಗಳು ಬಳಸಿ ಮರಳಿ ತನ್ನಿ ಎಂದು ಅವರಿಗೆ ಬರೆದಿದ್ದೇನೆ.