ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ತಪ್ಪಿಸಬೇಡಿ

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಸ್ಥಿತಿ) ಇರುವ ಮಗು ಮಂಕಾಗಿದೆ, ಮಲಬದ್ಧತೆ ಇದೆ, ಚರ್ಮ ಒಣಗಿದೆ ಎಂದರೆ ‘ಈ ಮಕ್ಕಳು ಇರುವುದೇ ಹೀಗೆ’ ಅಂದುಕೊಂಡು ಸುಮ್ಮನಾಗಬೇಡಿ. ಇವು ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗಿನ ಲಕ್ಷಣಗಳೂ ಹೌದು. ನೋಡಿ ಹೇಳಲಾಗದು, ರಕ್ತಪರೀಕ್ಷೆಯೇ ಬೇಕು. ಹುಟ್ಟಿದಾಗ, 6 ಮತ್ತು 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್) ಪರೀಕ್ಷೆ ಮಾಡಿಸಿ. ದೊಡ್ಡವರಾದ ಮೇಲೂ ನಿಲ್ಲಿಸುವಂತಿಲ್ಲ. ಹುಟ್ಟುಹಬ್ಬದ ತಿಂಗಳಲ್ಲೇ ಮಾಡಿಸಿದರೆ ಮರೆಯುವುದಿಲ್ಲ. ಹಳೆಯ ವರದಿಗಳನ್ನೂ ಒಯ್ಯಿರಿ: ಟಿಎಸ್‌ಎಚ್ ತುಸು ಮಾತ್ರ ಏರಿದ್ದರೆ ವೈದ್ಯರಿಗೆ ಹಿಂದಿನ ಅಂಕಿ ಬೇಕಾಗುತ್ತದೆ.

ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಬರೆದುಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ಟು, ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕಬ್ಬಿಣ, ಕ್ಯಾಲ್ಸಿಯಂ ಔಷಧಿಗೆ 4 ಗಂಟೆ ಅಂತರವಿರಲಿ. ಹಲವರು ಎಡವುವುದು ಇಲ್ಲೇ. ಒಟ್ಟಿಗೆ ಕೊಟ್ಟರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.