ಪ್ರತಿಭಟನೆಗೆ ಕರೆಯೋ ಪೋಸ್ಟ್ ಬರೆಯುವವರಿಗೆ

ಸಕಲೇಶಪುರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಆನೆ, ರಸ್ತೆ, ಕರೆಂಟು, ಎತ್ತಿನಹೊಳೆ ಪೈಪಿಗೆ ಹೋದ ಜಮೀನು, ಯಾವುದರ ಮೇಲೆ ಜನ ಸಿಟ್ಟಾದರೂ ಆ ಸಿಟ್ಟು ಮೊದಲು ನನ್ನ ಕೀಬೋರ್ಡಿಗೇ ಬರೋದು. "ಅಕ್ಕ, ಒಂದ್ ಮನವಿ ಟೈಪ್ ಮಾಡ್ಕೊಡಿ, ಅದನ್ನೇ ಫೋಟೊ ಹೊಡೆದು ಗ್ರೂಪಿಗೂ ಹಾಕ್ತೀವಿ" ಅಂತಾರೆ. ಮನವಿ ಮಾಡಿಕೊಡ್ತೀನಿ, ಗ್ರೂಪಿಗೆ ಹಾಕಬೇಡಿ ಅಂತೀನಿ. ಮನವಿ ಅನ್ನೋದು ಕಡತಕ್ಕೆ ಬರೆಯೋ ಕಾಗದ. ಗೆ, ಇಂದ, ವಿಷಯ, ಮಾನ್ಯರೇ, ಕೊನೆಗೆ ತಮ್ಮ ವಿಶ್ವಾಸಿಗಳು. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳೋಕೆ ಆ ಚೌಕಟ್ಟು ಬೇಕೇ ಬೇಕು. ಆದರೆ ಬೆಳಿಗ್ಗೆ ಕಾಫಿ ಕಣಕ್ಕೆ ಹೊರಟವನು ಫೋನಿನಲ್ಲಿ ಅದನ್ನು ಓದಲ್ಲ.

ಗ್ರೂಪಿಗೆ ಬರೆಯೋ ಮುಂಚೆ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಜತೆ ಯಾವಾಗಲೂ ಬರುವವರು ಬೇಡ, ಅವರು ಹೇಗೂ ಬರ್ತಾರೆ. ನಿಮ್ಮ ವಿರೋಧಿಯೂ ಬೇಡ. "ಹೋಗಿ ಏನಾಗುತ್ತೆ ಬಿಡಿ" ಅನ್ನೋ ಪಕ್ಕದ ಮನೆಯವರು ಇರ್ತಾರಲ್ಲ, ಅವರು.

ನನ್ನ ಹತ್ತಿರ ಸಾಮಾನ್ಯವಾಗಿ ಬರೋ ಒಕ್ಕಣೆ ಹೀಗಿರುತ್ತೆ: "ಕಾಡಾನೆ ಹಾವಳಿಯಿಂದ ತತ್ತರಿಸಿರುವ ರೈತ ಬಾಂಧವರೇ ಎದ್ದೇಳಿ! ಸರ್ಕಾರದ ಕುರುಡು ಧೋರಣೆ ಖಂಡಿಸಿ ಬೃಹತ್ ಪ್ರತಿಭಟನೆ. ಸರ್ವರೂ ಆಗಮಿಸಿ ಯಶಸ್ವಿಗೊಳಿಸಿ." ಇದರಲ್ಲಿ ಯಾವ ಊರು, ಏನಾಯಿತು, ಏನು ಕೇಳ್ತಿದ್ದೀರಿ, ಒಂದೂ ಇಲ್ಲ. ಚಿಕ್ಕಮಗಳೂರಿನಲ್ಲೂ ಹಾಕಬಹುದು, ಚಾಮರಾಜನಗರದಲ್ಲೂ ಹಾಕಬಹುದು. ಅದನ್ನೇ ನಾನು ಹೀಗೆ ಬರೀತೀನಿ:

"ಶನಿವಾರ ರಾತ್ರಿ ನಮ್ಮೂರ ಕೆರೆ ಬಯಲಿಗೆ ಆನೆ ಇಳಿದವು. ಕೊಯ್ಲಿಗೆ ಬಂದಿದ್ದ ಭತ್ತ ಹೋಯ್ತು. ಹೋದ ವರ್ಷ ಬೆಳೆ ಕಳೆದುಕೊಂಡವರ ಅರ್ಜಿಗೇ ಇನ್ನೂ ಉತ್ತರ ಇಲ್ಲ. ಸೋಮವಾರ 8-12-2025, ಬೆಳಿಗ್ಗೆ 10ಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿ ಮುಂದೆ ಕೂರ್ತೀವಿ. ಕೇಳೋದು ಒಂದೇ: ನಮ್ಮ ಅರ್ಜಿ ಯಾರ ಮೇಜಿನ ಮೇಲಿದೆ, ಹಣ ಯಾವ ತಾರೀಕಿಗೆ. ಪಹಣಿ, ಅರ್ಜಿಯ ಸ್ವೀಕೃತಿ ಇದ್ದವರು ತನ್ನಿ. ಮಧ್ಯಾಹ್ನದೊಳಗೆ ಮುಗಿಸ್ತೀವಿ."

ಕೊನೆಯ ಮಾತು ಯಾಕೆ ಅಂದರೆ, ಕೊಯ್ಲಿನ ಕಾಲದಲ್ಲಿ ಇಡೀ ದಿನ ಬಿಟ್ಟು ಬನ್ನಿ ಅಂದರೆ ಯಾರೂ ಬರಲ್ಲ. 'ಬೃಹತ್', 'ಉಗ್ರ', 'ಐತಿಹಾಸಿಕ' ಇವನ್ನೆಲ್ಲ ತೆಗೆದುಬಿಡಿ. ಬೃಹತ್ ಅಂತ ಹಾಕಿ ಇಪ್ಪತ್ತು ಜನ ಬಂದರೆ ಎದುರಿನವರಿಗೆ ನಗೆಪಾಟಲು. ಏನೂ ಹೇಳದೆ ಇಪ್ಪತ್ತು ಜನ ಪಹಣಿ ಹಿಡಿದು ಬಂದರೆ ಅದು ಕಚೇರಿ ಉತ್ತರ ಕೊಡಬೇಕಾದ ಇಪ್ಪತ್ತು ಕೇಸು.

ಇನ್ನೊಂದು ಚಾಳಿ ಕಚೇರಿಯಿಂದ ನಮಗೆ ಅಂಟಿಕೊಂಡಿರೋದು, 'ಲಾಗಿದೆ'. ನಿರ್ಲಕ್ಷಿಸಲಾಗಿದೆ, ವಿಳಂಬ ಮಾಡಲಾಗುತ್ತಿದೆ, ಕ್ರಮ ಕೈಗೊಳ್ಳಲಾಗಿಲ್ಲ. ಯಾರು ನಿರ್ಲಕ್ಷಿಸಿದ್ದು? ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ. ಹಿಂಬರಹ ಬರೆಯೋ ಗುಮಾಸ್ತರಿಗೆ ಅದು ಅನುಕೂಲ, ನಿಮಗಲ್ಲ. ಹುದ್ದೆ ಹೇಳಿ, ತಾರೀಕು ಹೇಳಿ, ಆ ದಿನ ಅವರು ಕೊಟ್ಟ ಮಾತು ಹೇಳಿ. ವ್ಯಕ್ತಿಯ ಹೆಸರಿಗಿಂತ ಹುದ್ದೆ ವಾಸಿ. ಅಧಿಕಾರಿ ವರ್ಗವಾಗಿ ಹೋದರೂ ಹುದ್ದೆ ಇಲ್ಲೇ ಇರುತ್ತೆ.

ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ನೋಡಿ. ಐದನೇ ಶತಮಾನದ್ದು ಅಂತಾರೆ, ಹದಿನಾರೇ ಸಾಲು. ಯಾರಿಗೆ ಕೊಟ್ಟರು, ಯಾತಕ್ಕೆ ಕೊಟ್ಟರು, ಯಾವ ಊರು ಕೊಟ್ಟರು, ಕೆಡಿಸಿದವನಿಗೆ ಏನು ಪಾಪ ಅನ್ನೋದೆಲ್ಲ ಅಷ್ಟರಲ್ಲೇ ಇದೆ. ಕಲ್ಲಿನಲ್ಲಿ ಕೆತ್ತೋನಿಗೆ ಜಾಗ ಕಡಿಮೆ ಅನ್ನಿ. ಫೋನಿನಲ್ಲೂ ಕಡಿಮೆಯೇ. ವಾಟ್ಸಾಪಿನಲ್ಲಿ ಉದ್ದ ಬರೆದರೆ ಉಳಿದದ್ದು 'ಇನ್ನಷ್ಟು ಓದಿ' ಅನ್ನೋದರ ಕೆಳಗೆ ಹೋಗುತ್ತೆ, ಅದನ್ನು ಒತ್ತಿ ನೋಡೋ ತಾಳ್ಮೆ ಎಲ್ಲರಿಗೂ ಇಲ್ಲ. ಹಾಗಾಗಿ ನಡೆದದ್ದು, ದಿನ, ಜಾಗ ಮೇಲಿರಲಿ. ಸಂಘದ ಹೆಸರು, ಪದಾಧಿಕಾರಿಗಳ ಪಟ್ಟಿ ಕೆಳಗಿರಲಿ. ಪಟ್ಟಿ ಕೆಳಗೆ ಹಾಕಿದ್ದಕ್ಕೆ ಮುನಿಸಿಕೊಂಡ ಪದಾಧಿಕಾರಿಗಳೂ ಇದ್ದಾರೆ. ಇರಲಿ.

ಎಕ್ಸ್‌ನಲ್ಲಿ ದುಡ್ಡು ಕಟ್ಟದ ಖಾತೆಗೆ 280 ಕ್ಯಾರೆಕ್ಟರ್ ಮಿತಿ. ಕನ್ನಡದಲ್ಲಿ ಒತ್ತು, ದೀರ್ಘ ಎಲ್ಲವೂ ಬೇರೆಬೇರೆ ಲೆಕ್ಕ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಅಲ್ಲಿ ಆರು. 'ಪ್ರಕ್ಷುಬ್ಧ', 'ನಿರ್ಲಕ್ಷ್ಯ' ತರಹದ ಮಾತುಗಳಿಗೆ ಜಾಗ ದುಬಾರಿ. 'ಕೇಳೋರಿಲ್ಲ' ಅಂದರೆ ಸಾಕು. ಹಳೇ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಪೇಸ್ಟ್ ಮಾಡಬೇಡಿ, ಫೋನಿನಲ್ಲಿ ಅರ್ಥವಾಗದ ಗುರುತುಗಳು ಬರ್ತಾವೆ. ಫೋನಿನಲ್ಲೂ ಓದೋಕೆ ಬರೋ ಯೂನಿಕೋಡಿಗೆ ಬದಲಿಸಿ.

ಈಗ 'ನಾವು' ಅಂದರೆ ಯಾರು ಅನ್ನೋದು. ಎಲ್ಲಕ್ಕಿಂತ ಮುಖ್ಯವಾಗಿದ್ದರೂ ಹೆಚ್ಚಿನವರು ಕೈಬಿಡೋದು ಇದನ್ನೇ. "ಬೆಳೆಗಾರರೇ ಒಂದಾಗಿ" ಅಂತ ಶುರು ಮಾಡಿದರೆ ತೋಟದ ಲೈನ್‌ಮನೆಯಲ್ಲಿರುವ ಕೂಲಿಯವರು ಅದು ತಮಗಲ್ಲ ಅಂದುಕೊಳ್ತಾರೆ. ಮಂಜಿನಲ್ಲಿ ಬೆಳಿಗ್ಗೆ ಕಾಫಿ ಗಿಡಗಳ ನಡುವೆ ಮೊದಲು ಕಾಲಿಡೋದು ಅವರು. ಆನೆಗೆ ಎದುರಾಗೋದೂ ಅವರೇ. "ಬೆಳಿಗ್ಗೆ ತೋಟಕ್ಕೆ ಹೋಗೋ ನಮಗೆಲ್ಲ" ಅಂತ ಬರೆದರೆ ಸಾಹುಕಾರರೂ ಸೇರ್ತಾರೆ, ಹಣ್ಣು ಬಿಡಿಸೋ ಹೆಂಗಸೂ ಸೇರ್ತಾಳೆ. ಓದೋಕೆ ಬರದವರಿಗೆ, ಕನ್ನಡ ಮಾತಾಡಿದರಷ್ಟೇ ತಿಳಿಯೋ ಕೆಲಸಗಾರರಿಗೆ, ಅದೇ ನಾಲ್ಕು ಸಾಲನ್ನು ವಾಯ್ಸ್ ಮೆಸೇಜ್ ಮಾಡಿ. ಭಾಷಣದ ದನಿ ಬೇಡ.

2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆ ವೇಳೆ ದಸರಾ ಆನೆ ಅರ್ಜುನ ಸತ್ತ. ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು. ಆ ವಾರ ಫೋನು ತೆರೆದರೆ ಅವನೇ. ತನಿಖೆ ಆಗಲಿ, ಸ್ಮಾರಕ ಆಗಲಿ ಅಂತ ಇಡೀ ರಾಜ್ಯ ಕೇಳಿತು. ಅವನಿಗೊಂದು ಹೆಸರಿತ್ತು, ಮುಖವಿತ್ತು, ಕಣ್ಣೀರಿಡೋ ಮಾವುತನಿದ್ದ. ಅದೇ ನಮ್ಮ ಕಡೆ ಆನೆ ತುಳಿದು ಸತ್ತವರ ಬಗ್ಗೆ ನಾವು ಬರೆಯೋದು "ಕಾಡಾನೆ ದಾಳಿಗೆ ಕಾರ್ಮಿಕ ಬಲಿ". ಅರ್ಜುನನಿಗೆ ಅತ್ತಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ನಾನೂ ಅತ್ತಿದ್ದೀನಿ. ಸತ್ತ ಮನುಷ್ಯನಿಗೂ ಅಷ್ಟು ಬರೆಯಿರಿ ಅಂತಿದ್ದೀನಿ. ಮನೆಯವರು ಒಪ್ಪಿದರೆ ಹೆಸರು, ಎಲ್ಲಿ ಕೆಲಸಕ್ಕೆ ಹೋಗ್ತಿದ್ದರು, ಮನೆಯಲ್ಲಿ ಯಾರಿದ್ದಾರೆ. ಹೆಣದ ಫೋಟೊ ಮಾತ್ರ ಯಾವ ಕಾರಣಕ್ಕೂ ಬೇಡ. ಅದನ್ನು ನೋಡಿದವರು ಬೆಚ್ಚಿ ಬೆರಳಲ್ಲಿ ಸರಿಸಿ ಮುಂದೆ ಹೋಗ್ತಾರೆ, ನಿಮ್ಮ ಬೇಡಿಕೆ ಓದಲ್ಲ.

ವ್ಯಂಗ್ಯದ ಬಗ್ಗೆ ಹುಡುಗರು ಕೇಳ್ತಾರೆ. ರಸ್ತೆ ಗುಂಡಿಗೆ ಭತ್ತದ ಸಸಿ ನೆಟ್ಟು ಫೋಟೊ ಹಾಕೋದು ಒಳ್ಳೇ ವ್ಯಂಗ್ಯ, ಯಾಕಂದರೆ ಗುಂಡಿ ಕಣ್ಣೆದುರಿಗೇ ಇದೆ. ಶಾಸಕರ ಮುಖಕ್ಕೆ ಕತ್ತೆಯ ಕಿವಿ ಅಂಟಿಸೋದು ಬರೀ ಕೀಟಲೆ. ಎಲ್ಲರೂ ನಗ್ತಾರೆ, ಶೇರ್ ಮಾಡ್ತಾರೆ, ಸೋಮವಾರ ಯಾರೂ ಬರಲ್ಲ. ಜಾತಿ, ಧರ್ಮ, ಹೆಂಡತಿ ಮಕ್ಕಳನ್ನು ಎಳೆದರೆ ಮಾರನೇ ದಿನ ಚರ್ಚೆ ನಿಮ್ಮ ಪೋಸ್ಟಿನ ಬಗ್ಗೆ ಆಗುತ್ತೆ, ರಸ್ತೆ ಬಗ್ಗೆ ಅಲ್ಲ. ಕಾನೂನನ್ನೂ ನೆನಪಿಡಿ. ಆನ್‌ಲೈನಿನಲ್ಲಿ ಕೆರಳಿಸೋ ಮಾತು ಬರೆದರೆ ಶಿಕ್ಷೆ ಅಂತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿತು, ಹಾಗಂತ ಏನು ಬೇಕಾದರೂ ಬರೀಬಹುದು ಅಂತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ ವದಂತಿಗೆ 353ನೇ ಕಲಮು, ಮಾನನಷ್ಟಕ್ಕೆ 356ನೇ ಕಲಮು ಇದೆ. "ದುಡ್ಡು ತಿಂದಿದ್ದಾರೆ" ಅಂತ ಬರೆಯೋದರ ಬದಲು "ಬಿಲ್ಲು ತೋರಿಸಿ" ಅಂತ ಬರೆಯಿರಿ. ಆರ್‌ಟಿಐ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಆ ಉತ್ತರದ ಫೋಟೊ ನೂರು ಬೈಗುಳಕ್ಕಿಂತ ಜೋರು.

ಒಂದೇ ಮೆಸೇಜನ್ನು ಎಲ್ಲ ಕಡೆ ತಳ್ಳೋದೂ ನಿಲ್ಲಿಸಿ. ತುಂಬ ಕೈ ದಾಟಿದ ಮೇಲೆ ವಾಟ್ಸಾಪ್ ಅದಕ್ಕೆ ಎರಡು ಬಾಣದ ಗುರುತು ಹಾಕಿ, ಒಂದು ಸಲಕ್ಕೆ ಒಂದೇ ಕಡೆ ಕಳಿಸೋಕೆ ಬಿಡುತ್ತೆ. ಓದುವವರೂ "ಓ, ಫಾರ್ವರ್ಡ್" ಅಂತ ದಾಟಿಸಿಬಿಡ್ತಾರೆ. ಪ್ರತಿ ಊರಿನವರು ತಮ್ಮ ಬಯಲಿನ ಕಥೆಯನ್ನು ತಮ್ಮ ಮಾತಿನಲ್ಲೇ ಎರಡು ಸಾಲು ಬರೆಯಲಿ, ಕಾಗುಣಿತ ತಪ್ಪಾದರೂ ಪರವಾಗಿಲ್ಲ. ದಿನ, ಜಾಗ, ಬೇಡಿಕೆ ಮಾತ್ರ ಎಲ್ಲರದೂ ಒಂದೇ ಇರಲಿ.

ಧರಣಿ ಮುಗಿದ ಸಂಜೆಯೇ ಮುಂದಿನ ಪೋಸ್ಟ್ ಹಾಕಿ: ಯಾರು ಬಂದು ಮಾತಾಡಿದರು, ಏನು ಒಪ್ಪಿದರು, ಏನು ಒಪ್ಪಲಿಲ್ಲ, ಗಡುವು ಯಾವಾಗ. "ಪ್ರತಿಭಟನೆ ಯಶಸ್ವಿ" ಅಂತ ಹಾರ ಹಾಕಿಕೊಂಡ ಫೋಟೊ ಬೇಡ. ತಾರೀಕಿನ ಜತೆ ಇಸವಿಯನ್ನೂ ತಪ್ಪದೆ ಹಾಕಿ. ಬರೀ "ಸೋಮವಾರ" ಅಂತ ಇದ್ದ ಕರೆ ಮುಂದಿನ ವರ್ಷ ಎಲ್ಲಿಂದಲೋ ಎದ್ದು ಬಂದು, ಪಾಪ, ಹಾನುಬಾಳಿನಿಂದ ಬಸ್ಸು ಹತ್ತಿ ಬಂದವರು ಖಾಲಿ ಕಚೇರಿ ಮುಂದೆ ನಿಂತು ನನ್ನ ಅಂಗಡಿಗೆ ಬಂದು ಕೇಳ್ತಾರೆ.