ಕಾರಿನ ಹಿಂದಿನ ವಿಂಗ್ ಬರೀ ಶೋಕಿ ಅಂದೋರಿಗೆ, ಅಳೆದು ನೋಡಿದ ನನ್ನ ಅನುಭವ

"ಏನ್ ಗುರು, ಡಿಕ್ಕಿ ಮೇಲೆ ಬಟ್ಟೆ ಒಣಗಾಕೋಕೆ ಸ್ಟ್ಯಾಂಡಾ?" ಅಂತ ರೇಸ್ ಟ್ರ್ಯಾಕಲ್ಲಿ ಸಿಕ್ಕೋರೆಲ್ಲ ಕೇಳಿ ಕೇಳಿ ಎರಡು ವರ್ಷ ಆಯ್ತು. ಈಗ ಅವರಲ್ಲೇ ಇಬ್ಬರು ನನ್ನ ಸೆನ್ಸರ್ ಸಾಲ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಸ್ಪಾಯ್ಲರ್ ಬೇರೆ ವಿಂಗ್ ಬೇರೆ, ಡಿಕ್ಕಿಗೇ ಅಂಟಿಕೊಂಡಿರೋದು ಸ್ಪಾಯ್ಲರ್, ಮೇಲೆ ಎತ್ತರಕ್ಕೆ ನಿಂತು ಅಡಿಯಲ್ಲೂ ಗಾಳಿ ಹರಿಯೋದು ವಿಂಗ್, ಅದನ್ನ ಇನ್ನೂ ಎಳೆಯಲ್ಲ. ನಂಗೆ ಬೇಕಾಗಿದ್ದು ಒಂದೇ, ನಾನು ಓಡಿಸೋ ಸ್ಪೀಡಲ್ಲಿ, ಅಂದ್ರೆ 100ರಿಂದ 170ರ ಒಳಗೆ, ಹಿಂದಿನ ಆಕ್ಸಲ್ ಮೇಲೆ ಗಾಳಿಯ ಒತ್ತಡ ಎಷ್ಟು ಕೆಜಿ ಬೀಳುತ್ತೆ. 2022ರಲ್ಲಿ ಬಂದ ಪೋರ್ಷೆ 911 ಜಿಟಿ3 ಆರ್‌ಎಸ್‌ಗೆ ಗಂಟೆಗೆ 285 ಕಿಮೀನಲ್ಲಿ 860 ಕೆಜಿ ಅಂತ ಕಂಪನಿ ಹೇಳುತ್ತೆ, ಸರಿ, ಆದ್ರೆ ಅದು ಹಿಂದಿನ ವಿಂಗ್ ಒಂದರದ್ದಲ್ಲ, ಇಡೀ ಕಾರಿಂದು. ಮೇಲಾಗಿ ಸ್ಪೀಡ್ ಅರ್ಧ ಆದ್ರೆ ಗಾಳಿ ಕೆಳಕ್ಕೆ ಒತ್ತೋ ಈ ಬಲ, ಅಂದ್ರೆ ಡೌನ್‌ಫೋರ್ಸ್ ಕಾಲು ಭಾಗಕ್ಕೆ ಬಿದ್ದೋಗುತ್ತೆ.

ಮೊದಲು ಶಾಕ್ ಎಷ್ಟು ಕುಗ್ಗಿತು ಅಂತ ಗುರುತು ಹಿಡಿಯೋಕೆ ಶಾಕ್ ಅಬ್ಸಾರ್ಬರ್ ರಾಡಿಗೆ ಜಿಪ್ ಟೈ ಕಟ್ಟಿ ನೋಡ್ದೆ. ಒಂದು ಗುಂಡಿ ಹಾರಿದ್ರೆ ಸಾಕು, ಟೈ ತಳಕ್ಕೆ ಹೋಗಿ ಕೂತಿರುತ್ತೆ, ಅದು ಗಾಳಿದೋ ಗುಂಡಿದೋ ಯಾರಿಗ್ ಗೊತ್ತು. ಆಮೇಲೆ ಬಂಪರ್ ಕೆಳಗೆ ಲೇಸರ್ ಸೆನ್ಸರ್ ಇಟ್ಟು ನೆಲದಿಂದ ಎತ್ತರ ಅಳೆದೆ, ಸ್ಪೀಡಿಗೆ ಟೈರೇ ಸ್ವಲ್ಪ ದೊಡ್ಡದಾಗುತ್ತೆ ಅನ್ನೋದು ಮರೆತೇ ಹೋಗಿತ್ತು, ಓದಿದ ನಂಬರೆಲ್ಲ ದಂಡ. ಮೂರನೇ ದಿನ ಕಲ್ಲು ಬಡಿದು ಆ ಸೆನ್ಸರೂ ಢಮಾರ್. ಅದರ ದುಡ್ಡಲ್ಲಿ ಎರಡು ಒಳ್ಳೆ ಟೈರ್ ಬರ್ತಿತ್ತು, ಮನೇಲಿ ಇವತ್ತಿಗೂ ಹೇಳಿಲ್ಲ.

ಕೊನೆಗೆ ಕೈಹಿಡಿದಿದ್ದು ಎರಡೂ ಹಿಂದಿನ ಶಾಕ್‌ಗಳಿಗೆ ಕಟ್ಟಿದ ಲೀನಿಯರ್ ಪೊಟೆನ್ಶಿಯೊಮೀಟರ್, ಅಂದ್ರೆ ಶಾಕ್ ಎಷ್ಟು ಮಿಮೀ ಕುಗ್ಗಿತು ಹಿಗ್ಗಿತು ಅಂತ ಅಳೆಯೋ ಸೆನ್ಸರ್. ಕಾರು ನಿಲ್ಲಿಸಿ ಹಿಂದಿನ ಆಕ್ಸಲ್ ನೇರಕ್ಕೆ ಮರಳು ಮೂಟೆ ಹೇರಿದೆ, 50 ಕೆಜಿಗೆ ಹತ್ತತ್ರ 6 ಮಿಮೀ ಕೂತ್ಕೊಳ್ತು. ಈಗ ನನ್ನ ಕಾರೇ ತಕ್ಕಡಿ. ಮೊದಮೊದಲು ಒಂದೇ ಸ್ಪೀಡಲ್ಲಿ ಆಕ್ಸಿಲರೇಟರ್ ಹಿಡಿದು ಓಡಿಸ್ತಿದ್ದೆ, ಆಗ ಎಂಜಿನ್ ತಳ್ಳೋದಕ್ಕೂ ಹಿಂಭಾಗ ಏರಿಳಿತ ಆಗಿ ಲೆಕ್ಕ ಕೆಡ್ತಿತ್ತು. ಹಂಗಾಗಿ 170ಕ್ಕೆ ಹೋಗಿ ನ್ಯೂಟ್ರಲ್ ಮಾಡಿ 80ರ ತನಕ ಸುಮ್ನೆ ಬಿಟ್ಬಿಡೋದು, ಖಾಲಿ ಟ್ರ್ಯಾಕಿನ ನೇರದಲ್ಲಿ ಆ ಕಡೆ ಈ ಕಡೆ ಎರಡೂ ದಿಕ್ಕಿಗೆ, ಗಾಳಿ ಬೀಸೋದು ಹೊಡೆದುಹೋಗ್ಲಿ ಅಂತ. ಪೆಟ್ರೋಲ್ ಪ್ರತಿ ಸಲ ಒಂದೇ ಮಟ್ಟ. ಲಾಗಲ್ಲಿ ರಸ್ತೆ ಕುಲುಕಾಟ ಹೆಂಗೆ ಸೋಸಿದೆ ಅಂತ ಕೇಳ್ಬೇಡಿ, ಅದು ಆರು ತಿಂಗಳ ನಿದ್ದೆ.

ಏನೂ ಹಾಕದೆ ಬರೀ ಡಿಕ್ಕಿ ಇದ್ದಾಗ 160ರಲ್ಲಿ ಹಿಂಭಾಗ ಮೂರೂವರೆ ಮಿಮೀ ಮೇಲೆ, ಅಂದ್ರೆ ಸುಮಾರು 29 ಕೆಜಿ ಲಿಫ್ಟ್! ಡಿಕ್ಕಿ ಅಂಚಿಗೆ ಅಂಟಿಸೋ ಸಣ್ಣ ಲಿಪ್ ಸ್ಪಾಯ್ಲರ್ ಹಾಕಿದ್ರೆ ಅದು ಹತ್ತು ಕೆಜಿ ಆಸುಪಾಸಿಗೆ ಇಳೀತು. ಒತ್ತಲ್ಲ, ಎತ್ತೋದನ್ನ ಕಮ್ಮಿ ಮಾಡುತ್ತೆ ಅಷ್ಟೆ. ಅಷ್ಟೆ ಅಂತ ಸದರ ಮಾಡ್ಬೇಡಿ, ಮೊದಲ ಆಡಿ ಟಿಟಿ ಹೈ ಸ್ಪೀಡಲ್ಲಿ ಹಿಂದೆ ಹಗುರಾಗಿ ಅಪಘಾತಗಳಾದ ಮೇಲೆ ಕಾರು ವಾಪಸ್ ಕರೆಸಿ ಹಾಕಿದ್ರಲ್ಲಿ ಇಷ್ಟುದ್ದದ ಸ್ಪಾಯ್ಲರೂ ಒಂದು.

ವಿಂಗ್ ಕಥೆ ದೊಡ್ಡದು. ಮೊದಲನೇದು ಕಮ್ಮಿ ರೇಟಿಂದು, ಡಿಕ್ಕಿಯಿಂದ ಒಂದು ಗೇಣು ಎತ್ತರ, ಲಿಪ್ಪಿಗಿಂತ ಹೆಚ್ಚೇನೂ ಕೊಡ್ಲಿಲ್ಲ. ಉಲ್ಲನ್ ದಾರ ಅಂಟಿಸಿ ಹಿಂದೆ ಕ್ಯಾಮೆರಾ ಇಟ್ಟಾಗ ಗೊತ್ತಾಯ್ತು, ರೂಫಿಂದ ಕಿತ್ತು ಬಂದ ಕಲಸುಮೇಲೋಗರ ಗಾಳಿಯಲ್ಲಿ ಮಧ್ಯದ ದಾರಗಳು ಹಿಂದುಮುಂದಾಗಿ ಬಡ್ಕೊಳ್ತಿದ್ವು, ಎರಡು ತುದಿಯ ದಾರ ಮಾತ್ರ ನೆಟ್ಟಗೆ. ಎತ್ತರಿಸಿದೆ, ಆಗ ಒತ್ತಡ ಬಂತು ಆದ್ರೆ ಡಿಕ್ಕಿ ತಗಡೇ ಬಗ್ಗೋಯ್ತು. ಹೊಸ ಡಿಕ್ಕಿ ಮುಚ್ಚಳ, ಪೇಂಟು, ಮತ್ತೆ ಖರ್ಚು. ಈಗ ಬ್ರಾಕೆಟ್ ಡಿಕ್ಕಿಗೆ ತಾಗೋದೇ ಇಲ್ಲ, ಸೀದಾ ಚಾಸಿಗೆ. ಕೋನ ಜಾಸ್ತಿ ಮಾಡಿದಷ್ಟೂ ಒಳ್ಳೇದು ಅಂತ ಏರಿಸ್ತಾ ಹೋಗಿ ಒಂದಿನ ಸ್ಟಾಲ್ ಆಗಿ, ಅಂದ್ರೆ ಗಾಳಿ ವಿಂಗಿಗೆ ಅಂಟದೆ ಕಿತ್ತುಹೋಗಿ, ಕಾರನ್ನ ಹಿಂದಕ್ಕೆಳೆಯೋ ಡ್ರ್ಯಾಗ್ ಮಾತ್ರ ಉಳೀತು. ನನ್ನ ಕೋನ ಎಷ್ಟು ಅಂತ ಹೇಳಲ್ಲ, ನಿಮ್ಮ ರೂಫ್ ಬೇರೆ ನಿಮ್ಮ ಉತ್ತರ ಬೇರೆ. ವಿಂಗಿನ ಹಿಂದಿನ ಅಂಚಿಗೆ ಅಲ್ಯುಮಿನಿಯಂ ಪಟ್ಟಿ ಮಡಚಿ ರಿವೆಟ್ ಹೊಡೆದೆ, ಅಮೆರಿಕದ ರೇಸರ್ ಡ್ಯಾನ್ ಗರ್ನಿ 1971ರಲ್ಲಿ ಮಾಡಿದ ಅದೇ ಐಡಿಯಾ. ಕಾಸಿಲ್ಲದೆ ಸಿಕ್ಕ ಒತ್ತಡ ಅದೊಂದೇ.

ಈಗ 160ರಲ್ಲಿ ಹಿಂಭಾಗ ಮೂರು ಮಿಮೀ ಕೆಳಗೆ, ನಿಜವಾದ ಡೌನ್‌ಫೋರ್ಸ್ ಸುಮಾರು 25 ಕೆಜಿ. ಮೊದಲಿದ್ದ ಲಿಫ್ಟ್ ಸೇರಿಸಿದ್ರೆ ವ್ಯತ್ಯಾಸ 50 ದಾಟುತ್ತೆ, ಹಿಂದಿನ ಸೀಟಲ್ಲಿ ಒಬ್ಬ ಸಣಕಲನ್ನ ಕೂರಿಸಿದಂಗೆ, ಆದ್ರೆ ತಿರುವಲ್ಲಿ ಅವನನ್ನ ಎಳ್ಕೊಂಡು ಹೋಗೋ ಕಷ್ಟ ಇಲ್ಲ. ಉದ್ದದ ಎಡ ತಿರುವಲ್ಲಿ ಮೊದಲು 140ಕ್ಕೆ ಸ್ಟೀರಿಂಗ್ ತಿದ್ತಾ ಇದ್ದೆ, ಈಗ ಕೈ ಸುಮ್ನಿರುತ್ತೆ. ನಿಧಾನಕ್ಕೆ ಹೋಗೋ ಹೇರ್‌ಪಿನ್ ತಿರುವಲ್ಲಿ ಸೊನ್ನೆ ವ್ಯತ್ಯಾಸ. ಟಾಪ್ ಸ್ಪೀಡ್ ಆರೇಳು ಕಿಮೀ ಹೋಯ್ತು, ಲ್ಯಾಪಲ್ಲಿ ಒಂದು ಸೆಕೆಂಡಿನ ಹತ್ರ ಉಳೀತು.

ಮಧ್ಯೆ ಒಂದು ಹುಚ್ಚಿಗೆ ಕಿಟಕಿ ಎರಡೂ ಇಳಿಸಿ ಅಳೆದೆ, ವಿಂಗಿನ ಒತ್ತಡ ಒಂದಷ್ಟು ಕಮ್ಮಿ ಆಯ್ತು, ಅಲ್ಲಿಂದೀಚೆಗೆ ಎಷ್ಟೇ ಸೆಖೆ ಇದ್ರೂ ಕಿಟಕಿ ಮೇಲೇ.

ಒಂದು ಮಾತ್ರ ತಡವಾಗಿ ಹೊಳೀತು. ವಿಂಗ್ ಕೂತಿರೋದು ಹಿಂದಿನ ಚಕ್ರಕ್ಕಿಂತ 90 ಸೆಂಮೀ ಹಿಂದೆ, ಅಲ್ಲಿ ಒತ್ತಿದ್ರೆ ಏತದ ಥರ ಮುಂದಿನ ಚಕ್ರದಿಂದ ಭಾರ ಎತ್ತುತ್ತೆ, ನನ್ನ ಲೆಕ್ಕದಲ್ಲಿ ಹದಿನಾಲ್ಕು ಕೆಜಿ. ಹಿಂದೆ ಗೆದ್ದ ಖುಷಿಲಿ ಮುಂದೆ ಅಂಡರ್‌ಸ್ಟೀರ್ ಬಂದಿದ್ದಕ್ಕೆ, ಅಂದ್ರೆ ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗದೇ ಇದ್ದಿದ್ದಕ್ಕೆ, ಟೈರನ್ನ ಬೈತಿದ್ದೆ. ಮುಂದಿನ ಶಾಕಿಗೆ ಇನ್ನೆರಡು ಸೆನ್ಸರ್ ತರಿಸಿದೀನಿ, ಮುಂದಿನ ಬಂಪರ್ ಕೆಳಗೆ ಚಾಚೋ ಹಲಗೆಗೆ, ಅಂದ್ರೆ ಸ್ಪ್ಲಿಟರ್‌ಗೆ, ಪ್ಲೈವುಡ್ ಕುಯ್ದಿಟ್ಟಿದೀನಿ. ಸಾಲ ಕೇಳಿದ ಆ ಇಬ್ಬರು ಒಂಚೂರು ಕಾಯ್ಬೇಕು.